ಇಲಿ ಬಿದ್ದ ಮನೆಯ ಲೆಕ್ಕ

ಐರಣಿ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಊರುಗಳು ಪ್ಲೇಗಿನ ಕಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಕಾಣಿಸಿಕೊಂಡ ರೋಗ 1898ರಲ್ಲಿ ಹುಬ್ಬಳ್ಳಿಯನ್ನು ಹಿಡಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರನ್ನೂ ಮುಟ್ಟಿತು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದವರೊಡನೆ ಬಂತು ಎಂಬುದು ಅಂದಿನ ತೀರ್ಮಾನ. ಆ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ನಿಂತು, ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ಮೈಸೂರು ಸಂಸ್ಥಾನಕ್ಕೆ ಹೋಗುತ್ತಿತ್ತು.

ರೋಗ ಬರುವುದನ್ನು ಮೊದಲೇ ತಿಳಿಯಲು ಜನರ ಬಳಿ ಇದ್ದದ್ದು ಒಂದೇ ಗುರುತು. ಮಾಳಿಗೆಮನೆಯ ಜಂತಿಯಿಂದಲೋ ಕಾಳಿನ ಚೀಲದ ಸಂದಿನಿಂದಲೋ ಒಂದು ಇಲಿ ಹೊರಬಂದು, ಹಗಲು ಬೆಳಕಿನಲ್ಲೇ ತೂರಾಡಿ, ನಡುಮನೆಯಲ್ಲಿ ಸತ್ತು ಬೀಳುತ್ತಿತ್ತು. ‘ಇಲಿ ಬಿತ್ತು’ ಎಂಬ ಮಾತು ಹರಡಿದ್ದೇ ತಡ, ಪಾತ್ರೆ ಪಡಗ, ದನಕರು ಸಮೇತ ಊರು ಖಾಲಿಯಾಗುತ್ತಿತ್ತು. ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಸರ್ಕಾರವೂ ಊರು ಬಿಡಿಸುತ್ತಿತ್ತು. ಆದರೆ ಮನೆಗಳನ್ನು ಶೋಧಿಸಿ ರೋಗಿಗಳನ್ನು ಎಳೆದೊಯ್ಯುವ ಅದರ ಕ್ರಮಕ್ಕೆ ಜನ ರೋಗದಷ್ಟೇ ಹೆದರಿದರು. ವಿಜ್ಞಾನಿ ಹಾಫ್‌ಕಿನ್ ಸಿದ್ಧಪಡಿಸಿದ್ದ ಪ್ಲೇಗಿನ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿಗೆ ಚುಚ್ಚಿದ್ದೂ 1898ರಲ್ಲೇ.

ಇಂಥ ಸಾಂಕ್ರಾಮಿಕಗಳ ಹರಡುವಿಕೆಯನ್ನು ಗಣಿತಕ್ಕೆ ಇಳಿಸುವ ಕೆಲಸದ ಬೇರಿನ ಒಂದು ಎಳೆಯೂ ಕರ್ನಾಟಕದಲ್ಲೇ ಸಿಗುತ್ತದೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುವುದನ್ನು ನೋಡಿ ಅದನ್ನು ಬೋರಲು ಹಾಕಿಸಿದ, ಸೊಳ್ಳೆಗಳು ಕಡಿಮೆಯಾದವು. ಮಲೇರಿಯಾ ನಿಲ್ಲಲು ಕೊನೆಯ ಸೊಳ್ಳೆಯೂ ಸಾಯಬೇಕಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಇಳಿದರೆ ಸಾಕು ಎಂದು ಆತ ಸಮೀಕರಣಗಳಲ್ಲಿ ತೋರಿಸಿದ್ದು ಕಾಲು ಶತಮಾನ ಕಳೆದ ಮೇಲೆ. 1901ರಲ್ಲಿ ರಾಸ್‌ನ ಜೊತೆ ಸಿಯೆರಾ ಲಿಯೋನ್‌ಗೆ ಹೋಗಿದ್ದ ಆ್ಯಂಡರ್ಸನ್ ಮೆಕೆಂಡ್ರಿಕ್ ಮುಂದೆ ಭಾರತದ ವೈದ್ಯಕೀಯ ಸೇವೆ ಸೇರಿ, ಕಸೌಲಿಯ ಪಾಶ್ಚರ್ ಸಂಸ್ಥೆಯ ನಿರ್ದೇಶಕನಾದ. ಪ್ರಯೋಗಾಲಯದ ಸ್ಫೋಟದಲ್ಲಿ ಕಣ್ಣು ಕಳೆದುಕೊಂಡಿದ್ದ ರಸಾಯನಶಾಸ್ತ್ರಜ್ಞ ವಿಲಿಯಂ ಕೆರ್ಮ್ಯಾಕ್ ಜೊತೆ ಆತ 1927ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಈ ವಿದ್ಯೆಯ ಅಡಿಗಲ್ಲು.

ಆ ಮಾದರಿಯಲ್ಲಿ ಜನರದು ಮೂರೇ ಪಾಲು: ರೋಗ ತಗಲಬಹುದಾದವರು, ರೋಗಿಗಳು, ಗುಣವಾಗಿಯೋ ಸತ್ತೋ ಲೆಕ್ಕದಿಂದ ಹೊರಬಿದ್ದವರು. ಸಾವಿರ ಜನರ ಊರಿಗೆ, ಒಬ್ಬನಿಂದ ಇಬ್ಬರಿಗೆ ಅಂಟುವ ರೋಗ ಬಂತೆನ್ನಿ. ಮೊದಲ ಪಾಲಿನವರು 500ಕ್ಕೆ ಇಳಿದಾಗ, ರೋಗಿ ಅಂಟಿಸಬಹುದಾಗಿದ್ದ ಇಬ್ಬರಲ್ಲಿ ಒಬ್ಬನಿಗೆ ಆಗಲೇ ರೋಗ ಬಂದಿರುತ್ತದೆ, ಅಲ್ಲಿಂದ ಇಳಿಮುಖ. ಕೊನೆಗೆ ಸುಮಾರು 200 ಮಂದಿ ರೋಗ ಸೋಕದೆ ಉಳಿಯುತ್ತಾರೆ. ಅಂಟಿಸಿಕೊಳ್ಳುವವರು ಮುಗಿದುಹೋಗುವ ಮೊದಲೇ ರೋಗ ನಂದುವುದು ಏಕೆ ಎಂಬ ಹಳೆಯ ಪ್ರಶ್ನೆಗೆ ಇದು ಉತ್ತರ. ಲಸಿಕೆ ಮೊದಲ ಪಾಲನ್ನು ಕರಗಿಸುತ್ತದೆ. ಜನ ಚದುರಿದರೆ ಒಬ್ಬನಿಂದ ಅಂಟುವವರ ಎಣಿಕೆ ಕುಗ್ಗುತ್ತದೆ.

ಈ ಮಾದರಿಗೆ ಉದಾಹರಣೆಯಾಗಿ ಕೆರ್ಮ್ಯಾಕ್, ಮೆಕೆಂಡ್ರಿಕ್ ಆರಿಸಿಕೊಂಡದ್ದು ಮುಂಬಯಿಯ ಪ್ಲೇಗನ್ನೇ. 1905ರ ಡಿಸೆಂಬರ್ 17ರಿಂದ 1906ರ ಜುಲೈ 21ರವರೆಗಿನ ವಾರವಾರದ ಸಾವುಗಳ ಮೇಲೆ ಅವರ ಮಾದರಿಯ ಗೆರೆ ಚೆನ್ನಾಗಿ ಕೂತಿತು. 17ನೇ ವಾರದಲ್ಲಿ, ಅಂದರೆ ಏಪ್ರಿಲ್ ನಡುವೆ, ವಾರಕ್ಕೆ 890 ಸಾವಿನ ಶಿಖರ ಮುಟ್ಟಿ ಇಳಿಯಿತು. ಗೆರೆಯ ಪ್ರಕಾರ ಒಟ್ಟು ಸಾವು ಸುಮಾರು 8,900. ಆದರೆ 1901ರ ಜನಗಣತಿಯಲ್ಲೇ ನಗರದ ಜನ 7,76,006. ಪ್ಲೇಗು ತಗಲಿದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಆದರೂ ಸತ್ತವರು ನೂರಕ್ಕೆ ಒಬ್ಬರ ಆಸುಪಾಸು. ಉಳಿದ ತೊಂಬತ್ತೊಂಬತ್ತು ಮಂದಿಯನ್ನು ಮುಟ್ಟದೆಯೇ ರೋಗ ಹಿಂದೆ ಸರಿದದ್ದು ಏಕೆಂದು ಮನುಷ್ಯರಿಂದ ಮನುಷ್ಯರಿಗೆ ಅಂಟುವ ಲೆಕ್ಕ ಹೇಳಲಾರದು. ಗೆರೆ ಕೂತಿತು ಎಂದ ಮಾತ್ರಕ್ಕೆ ಕಾರಣ ಸಿಕ್ಕಿತು ಎನ್ನಲಾಗದು. ಇಲ್ಲಿ ಪ್ಲೇಗಿನ ಮುಖ್ಯ ದಾರಿ ಇಲಿಯಿಂದ ಇಲಿಗೆ, ಅಲ್ಲಿಂದ ಚಿಗಟದ ಮೂಲಕ ಮನುಷ್ಯನಿಗೆ. ಅದಕ್ಕೆ ಋತುವಿನ ಏರಿಳಿತವೂ ಇತ್ತು. ಇದನ್ನು ಕೆರ್ಮ್ಯಾಕ್, ಮೆಕೆಂಡ್ರಿಕ್ ಅರಿತಿದ್ದರು. ಮನುಷ್ಯರ ಪ್ಲೇಗು ಇಲಿಗಳ ಪ್ಲೇಗಿನ ಪ್ರತಿಬಿಂಬ, ತಮ್ಮ ಊಹೆಗಳು ಪೂರ್ತಿ ನಿಜವಲ್ಲ ಎಂದು ಅವರೇ ಬರೆದಿದ್ದರು. ಉದಾಹರಣೆ ಪಠ್ಯಪುಸ್ತಕಗಳಿಗೆ ಹೋಯಿತು, ಈ ಎಚ್ಚರಿಕೆ ಹಿಂದೆಯೇ ಉಳಿಯಿತು.

ಧಾರವಾಡ ಸೀಮೆಯ ಜನರ ರೂಢಿಯಲ್ಲಿ ಮಾತ್ರ ಇಲಿಯೇ ಮೊದಲ ಅಂಕಿ. ಇಲಿ ಸತ್ತರೆ ಅದರ ಮೈಮೇಲಿನ ಚಿಗಟಗಳು ಹಸಿದು ಬೇರೆ ಮೈ ಹುಡುಕುತ್ತವೆ. ಇಲಿಗಳಲ್ಲಿ ರೋಗ ಹಬ್ಬಿದ ಹತ್ತು ಹದಿನಾಲ್ಕು ದಿನಕ್ಕೆ ಮನುಷ್ಯರಲ್ಲಿ ಕಾಣುತ್ತದೆಂದು 1905ರಲ್ಲಿ ಆರಂಭವಾದ ಪ್ಲೇಗ್ ಸಂಶೋಧನಾ ಆಯೋಗದ ಕೆಲಸದಿಂದ ತಿಳಿಯಿತು. ಇಲಿ ಬಿದ್ದೊಡನೆ ಮನೆ ಬಿಟ್ಟವರಿಗೆ ಸಿಗುತ್ತಿದ್ದ ಬಿಡುವು ಅಷ್ಟೇ. ಆದರೆ ರೂಢಿಗೆ ತನ್ನದೇ ತೂತಿತ್ತು: ಹಾಸಿಗೆ, ಕಾಳಿನ ಚೀಲಗಳ ಜೊತೆ ಚಿಗಟವೂ ಹೊರಡುತ್ತಿತ್ತು, ಬೀಗರ ಊರಿಗೆ ಓಡಿದವರ ಹಿಂದೆ ರೋಗವೂ ಹೋಗುತ್ತಿತ್ತು. ಗಣಿತದ ಕಡೆ, ಇಲಿ, ಚಿಗಟ, ಮನುಷ್ಯ ಮೂವರನ್ನೂ ಒಂದೇ ಸಮೀಕರಣಗಳ ಕಟ್ಟಿನಲ್ಲಿ ಕೂರಿಸಿದ ಕೀಲಿಂಗ್ ಮತ್ತು ಗಿಲಿಗನ್‌ರ ಮಾದರಿ ಬಂದದ್ದು 2000ದಲ್ಲಿ.

2020ರಲ್ಲಿ ಕೋವಿಡ್ ಬಂದಾಗ ರೂಢಿ ತಿರುವುಮುರುವಾಯಿತು. ವಾಹಕ ಮನುಷ್ಯನೇ ಆದದ್ದರಿಂದ ಮನೆ ಬಿಡುವ ಬದಲು ಮನೆಯೊಳಗೇ ಇರಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಆಗ ಕಟ್ಟಿದ ಕಂಪ್ಯೂಟರ್ ಮಾದರಿಯಲ್ಲಿ ಮೂರು ಪಾಲುಗಳ ಬದಲು ಇಡೀ ನಗರವೇ ಇತ್ತು. ಕೋಟಿಗೂ ಮಿಕ್ಕ ಕಲ್ಪಿತ ನಿವಾಸಿಗಳಲ್ಲಿ ಪ್ರತಿಯೊಬ್ಬರಿಗೂ ಒಂದು ವಯಸ್ಸು, ಒಂದು ಮನೆ, ಶಾಲೆಯೋ ಕೆಲಸದ ಜಾಗವೋ ಗೊತ್ತುಮಾಡಿ, ಯಾವುದನ್ನು ಮುಚ್ಚಿದರೆ ರೋಗ ಎಷ್ಟು ತಗ್ಗೀತು ಎಂದು ಅದರಲ್ಲಿ ಲೆಕ್ಕ ಹಾಕಲಾಯಿತು.