ಯಾದವಗಿರಿಯ ಯಂತ್ರವೂ ನಂದಿಯ ಇಳಿಜಾರೂ

ನಮ್ಮ ಮುದ್ದೇನಹಳ್ಳಿಯ ಹೆಸರು ಹೇಳಿದೊಡನೆ ಎಲ್ಲರಿಗೂ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಾಗುತ್ತದೆ. ಆಗಬೇಕಾದದ್ದೇ. ಅವರು ಹುಟ್ಟಿದ ಮನೆಯೂ ಸಮಾಧಿಯೂ ಇಲ್ಲಿಯೇ ಇವೆ. ಅಧ್ಯಾಪಕನಾಗಿದ್ದಾಗ ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಮಕ್ಕಳನ್ನು ಸಾಲಾಗಿ ಅಲ್ಲಿಗೆ ಕರೆದೊಯ್ದು ಕನ್ನಂಬಾಡಿ ಕಟ್ಟೆಯ ಕಥೆ ಹೇಳುತ್ತಿದ್ದೆ. ಆದರೆ ಅವರ ಇನ್ನೊಂದು ಕನಸಿನ ವಿಷಯವನ್ನು ನಾನು ಮಕ್ಕಳಿಗೆ ಹೇಳಿದ್ದು ಕಡಿಮೆ. ನಿವೃತ್ತನಾದ ಮೇಲೆ ಒಂದು ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಬಿಚ್ಚಿಸಿ ಕಟ್ಟಿಸುವಾಗ ಅದು ನೆನಪಾಯಿತು.

1930ರ ದಶಕದ ನಡುವಿನಲ್ಲಿ, ಎಪ್ಪತ್ತು ದಾಟಿದ್ದ ವಿಶ್ವೇಶ್ವರಯ್ಯನವರು ಭಾರತದಲ್ಲಿಯೇ ಮೋಟಾರು ವಾಹನಗಳನ್ನು ತಯಾರಿಸುವ ಕಾರ್ಖಾನೆಗಾಗಿ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದಕ್ಕೆ ಜೊತೆಗೂಡಿದರು. ಅಂದಿನ ಬ್ರಿಟಿಷ್ ಸರ್ಕಾರದ ನಿರುತ್ಸಾಹದಿಂದ ಕೆಲಸ ಮುಂದುವರಿಯಲಿಲ್ಲ. ಮೈಸೂರು ಸಂಸ್ಥಾನಕ್ಕೆ ಆ ಕಾರ್ಖಾನೆ ದಕ್ಕಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಮೈಸೂರಿಗೆ ಮೋಟಾರು ಕೈಗಾರಿಕೆ ಬಂದದ್ದು ಬೇರೊಂದು ದಾರಿಯಿಂದ. ಜೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ 'ಜಾವಾ' ಆಯಿತು. ಪಾರ್ಸಿ ಮನೆತನದ ಇರಾನಿಯವರು ಆ ಕಂಪನಿಯ ಸಹಯೋಗದಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಲ್ಲಿ ಅಲ್ಲಿಂದ ಗಾಡಿಗಳು ಹೊರಬರತೊಡಗಿದವು. ಆಗ ವಿಶ್ವೇಶ್ವರಯ್ಯನವರು ಇನ್ನೂ ಬದುಕಿದ್ದರು. ಕಾಲವಾದದ್ದು 1962ರ ಏಪ್ರಿಲ್‌ನಲ್ಲಿ. ತಮ್ಮ ಮೈಸೂರಿನಲ್ಲಿ ಎಂಜಿನ್ನುಗಳು ತಯಾರಾಗತೊಡಗಿದ ಕಾಲವನ್ನು ಅವರು ಕಂಡರೆಂಬುದೇ ನನಗೊಂದು ಸಮಾಧಾನ.

ನಮ್ಮ ತಂದೆಯವರು ರೇಷ್ಮೆ ಇಲಾಖೆಯಲ್ಲಿದ್ದರು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಹುಳು ಸಾಕುವವರ ಮನೆಗಳಿಗೆ ತಿರುಗುವುದು ಅವರ ಕೆಲಸ. 1968ರಲ್ಲಿ ಸಾಲ ಮಾಡಿ ಒಂದು ಜಾವಾ 250 ಕೊಂಡರು. ಕಡುಗೆಂಪು ಬಣ್ಣ, ಟ್ಯಾಂಕಿನ ಎರಡು ಬದಿಗೂ ಮೊಣಕಾಲಿಗೆ ಒತ್ತಾಗಿ ರಬ್ಬರ್ ಪಟ್ಟಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಿಸಿದರೆ ಗೇರ್ ಬದಲಿಸುವ ಸನ್ನೆಯಾಗುತ್ತಿತ್ತು. ಒಂಬತ್ತು ವರ್ಷದ ನನಗೆ ಅದು ಮಾಯಾವಿದ್ಯೆಯಂತೆ ಕಂಡಿತ್ತು. ತಂದೆಯವರು ಒಂದು ಸಣ್ಣ ನೋಟ್ ಪುಸ್ತಕದಲ್ಲಿ ತಾರೀಖು, ಹೋದ ಊರು, ಹಾಕಿಸಿದ ಪೆಟ್ರೋಲು, ಬೆರೆಸಿದ ಎಣ್ಣೆ ಎಲ್ಲವನ್ನೂ ಬರೆದಿಡುತ್ತಿದ್ದರು. 'ಇದೆಂಥ ಲೆಕ್ಕ' ಎಂದು ನಾವು ನಗುತ್ತಿದ್ದೆವು.

1973ರಿಂದ ಮೈಸೂರಿನ ಗಾಡಿಗಳು 'ಯೆಜ್ದಿ' ಎಂಬ ಹೆಸರಿನಲ್ಲಿ ಬಂದವು. 1978ರಲ್ಲಿ ರೋಡ್‌ಕಿಂಗ್ ಬಂತು. 1980ರ ದಶಕದ ಮಧ್ಯದಲ್ಲಿ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಬಂದಾಗ ಜನ ಕಡಿಮೆ ಪೆಟ್ರೋಲಿನ ಕಡೆಗೆ ತಿರುಗಿದರು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ತಂದೆಯವರು 1999ರಲ್ಲಿ ತೀರಿಕೊಂಡರು. ಗಾಡಿ ನಮ್ಮ ಹುಳುಮನೆಯ ಮೂಲೆಯಲ್ಲಿ, ಹಳೆಯ ಚಂದ್ರಿಕೆಗಳ ಹಿಂದೆ ನಿಂತುಬಿಟ್ಟಿತು.

2022ರಲ್ಲಿ ಅದನ್ನು ಹೊರತೆಗೆದು ಚಿಕ್ಕಬಳ್ಳಾಪುರದ ಒಬ್ಬ ಹಿರಿಯ ಮೆಕ್ಯಾನಿಕ್ಕರಿಗೆ ಒಪ್ಪಿಸಿದೆ. ಎಂಜಿನ್ನು ಬಿಚ್ಚಿದಾಗ ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ವಿದ್ಯಾರ್ಥಿಯಾದೆ. ಈ ಎರಡು ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆ ಪಂಪ್ ಇಲ್ಲ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಕ್ರ್ಯಾಂಕ್ ಕೇಸಿಗೆ ಬಂದು ಬೇರಿಂಗುಗಳನ್ನೂ ಪಿಸ್ಟನ್ನನ್ನೂ ನೆನೆಸಬೇಕು. ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳು ಗಟ್ಟಿಯಾಗಿ ಬಿರಿದಿದ್ದವು. ಅಲ್ಲಿಂದ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗಿ ಎಂಜಿನ್ನು ಕಾಯುತ್ತದೆ. ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಬಿಡಿಸಿ, ಹೊಸ ಕನೆಕ್ಟಿಂಗ್ ರಾಡು ಕೂರಿಸಿ, ಮತ್ತೆ ಒತ್ತಿ, ಓರೆಯಿಲ್ಲದಂತೆ ಸರಿಮಾಡಿಸಿದರು. 65 ಮಿ.ಮೀ. ಅಗಲದ ಸಿಲಿಂಡರು, ಅಂದರೆ ಅವರ ಮಾತಿನಲ್ಲಿ 'ಬ್ಲಾಕ್', ಸವೆದಿತ್ತು. ಲೇತ್ ಅಂಗಡಿಯಲ್ಲಿ ಅದನ್ನು ಬೋರ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿದರು.

ಗಾಡಿ ಕೊಡುವಾಗ ಅವರು ಹೇಳಿದ ಮಾತು ಇದು: "ಮೇಷ್ಟ್ರೇ, ಗಾಡಿಗೆ ವಯಸ್ಸಾಗಿದೆ, ಎಂಜಿನ್ ಮಾತ್ರ ಈಗ ಹುಟ್ಟಿದ ಕೂಸು. ಐನೂರು ಕಿಲೋಮೀಟರ್ ತನಕ ನಲವತ್ತು ದಾಟಬೇಡಿ. ಇಪ್ಪತ್ತು ಲೀಟರಿಗೆ ಒಂದು ಲೀಟರ್ ಎಣ್ಣೆ. ಬೆಟ್ಟಗಿಟ್ಟ ಹತ್ತಬೇಡಿ."

ನಲವತ್ತು ವರ್ಷದ ಜಾವಾ ನೆನಪಿದ್ದ ನನಗೆ ಈ ಎಚ್ಚರಿಕೆ ಅತಿಯೆನಿಸಿತು. ಇನ್ನೂ ಇನ್ನೂರು ಕಿಲೋಮೀಟರ್ ತುಂಬಿರಲಿಲ್ಲ. ಒಂದು ಭಾನುವಾರ ಹತ್ತು ವರ್ಷದ ಮೊಮ್ಮಗನನ್ನು ಹಿಂದೆ ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೊರಟೆ. ಹತ್ತುವಾಗ ಎಂಜಿನ್ನು ಸೊಗಸಾಗಿ ಎಳೆಯಿತು. ಇಳಿಯುವಾಗ, ಪೆಟ್ರೋಲ್ ಉಳಿಯಲೆಂದು ಆಕ್ಸಿಲರೇಟರ್ ಪೂರಾ ಮುಚ್ಚಿ, ಗೇರಿನಲ್ಲೇ ಬಿಟ್ಟು ಬಂದೆ. ಒಂದು ತಿರುವಿನಲ್ಲಿ ಕೀರಲು ದನಿಯೊಂದು ಕೇಳಿತು. ಹಿಂದಿನ ಚಕ್ರ ಹಿಡಿದುಕೊಂಡು ಗಾಡಿ ಅಡ್ಡ ಜಾರಿತು. ಕ್ಲಚ್ ಹಿಡಿಯಬೇಕೆಂದು ಕೈಗೆ ಹೇಗೆ ತೋಚಿತೋ ತಿಳಿಯದು. ತಡೆಗೋಡೆಗೆ ಎರಡು ಮೊಳ ದೂರದಲ್ಲಿ ನಿಂತೆವು. ಹುಡುಗ ನನ್ನ ಅಂಗಿಯನ್ನು ಬಿಗಿಹಿಡಿದವನು ಬಹಳ ಹೊತ್ತು ಬಿಡಲಿಲ್ಲ. ಮಗಳು ಸಂಜೆ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೆಕ್ಯಾನಿಕ್ಕರು ಬ್ಲಾಕನ್ನು ಕಳಚಿ ಗೀರುಬಿದ್ದ ಒಳಮೈಯನ್ನು ನನ್ನ ಬೆರಳಿಗೆ ಮುಟ್ಟಿಸಿದರು. ಪಿಸ್ಟನ್ ಅಲ್ಯೂಮಿನಿಯಂ, ಬ್ಲಾಕ್ ಬೀಡುಕಬ್ಬಿಣ. ಕಾದಾಗ ಪಿಸ್ಟನ್ನೇ ಹೆಚ್ಚು ಹಿಗ್ಗುತ್ತದೆ. ಹೊಸದಾಗಿ ಕೊರೆದ ಮೈ ಇನ್ನೂ ಒರಟು. ಎರಡೂ ಒಂದನ್ನೊಂದು ತೀಡಿಕೊಂಡು ಹೊಂದಿಕೊಳ್ಳುವವರೆಗೆ ಬಿಸಿ ಏರಬಾರದು. ನಾನು ಬೆಟ್ಟ ಹತ್ತಿಸಿ ಬಿಸಿ ಏರಿಸಿದೆ. ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿ ಪೆಟ್ರೋಲನ್ನಷ್ಟೇ ಅಲ್ಲ, ಅದರೊಡನೆ ಬರುವ ಎಣ್ಣೆಯನ್ನೂ ತಡೆದೆ. ಚಕ್ರ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಲೇ ಇತ್ತು.

"ಇನ್ನೊಂದು ಸಲ ಬೋರ್ ಮಾಡಬಹುದು ಮೇಷ್ಟ್ರೇ. ಆದ್ರೆ ತೆಗೆದ ಕಬ್ಬಿಣ ವಾಪಸ್ ಬರಲ್ಲ" ಎಂದರು. ತಂದೆಯವರು ಮೂವತ್ತು ವರ್ಷ ಓಡಿಸಿ ಸವೆಸಿದ್ದಕ್ಕಿಂತ ಹೆಚ್ಚನ್ನು ನಾನು ಒಂದು ಬೆಳಗ್ಗೆ ಕಳೆದಿದ್ದೆ.

ಆ ರಾತ್ರಿ ತಂದೆಯವರ ನೋಟ್ ಪುಸ್ತಕ ಹುಡುಕಿ ತೆಗೆದೆ. 1968ರ ಮೊದಲ ಪುಟಗಳಲ್ಲಿ ಎಲ್ಲವೂ ಹತ್ತಿರದ ಊರುಗಳು. ಪ್ರತಿ ಸಾಲಿನ ಕೊನೆಗೆ 'ನಿಧಾನ' ಎಂಬ ಒಂದೇ ಪದ. ಸಾಲದ ಗಾಡಿ ಕೆಟ್ಟರೆ ಸಂಬಳದಲ್ಲಿ ರಿಪೇರಿ ಸಾಧ್ಯವಿಲ್ಲವೆಂದು ಅವರಿಗೆ ತಿಳಿದಿತ್ತು. ನಾವು ನಕ್ಕ ಲೆಕ್ಕದ ಅರ್ಥ ನನಗೆ ಆಗ ತಿಳಿಯಿತು.

ಎರಡನೆಯ ಸಲ ನಾನು ಹೇಳಿದ ಮಾತು ಕೇಳಿದೆ. ಚಿಕ್ಕಬಳ್ಳಾಪುರಕ್ಕೆ ಹೋಗಿ ಬರುವುದು, ಎಂಜಿನ್ನು ಆರಿಸುವುದು. ಶಿಡ್ಲಘಟ್ಟದ ದಾರಿಯಲ್ಲಿ ಅರ್ಧಕ್ಕೆ ನಿಲ್ಲಿಸಿ ಹುಣಸೆಮರದ ಕೆಳಗೆ ಕೂರುವುದು. ಒಂದೇ ವೇಗದಲ್ಲಿ ಎಳೆಯದೆ ಕೊಂಚ ಏರಿಸಿ ಇಳಿಸುವುದು. ಇಳಿಜಾರು ಬಂದರೆ ಕ್ಲಚ್ ಹಿಡಿದು ಆಗಾಗ ಆಕ್ಸಿಲರೇಟರ್ ತಿರುವಿ ಎಣ್ಣೆಯುಣಿಸುವುದು. ಇಡೀ ಎರಡು ತಿಂಗಳು ಹಿಡಿಯಿತು. ಹಿಂದಿನ ಸೀಟು ಅಷ್ಟೂ ದಿನ ಖಾಲಿಯಿತ್ತು.

ಜಾವಾ ಹೆಸರು 2018ರಲ್ಲಿ, ಯೆಜ್ದಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ಮರಳಿವೆ. ಸಂತೋಷ. ಆದರೆ ಯಾದವಗಿರಿಯಲ್ಲಿ ದುಡಿದ ಕೈಗಳ ವಿದ್ಯೆ ಇಂದಿಗೂ ಇಂಥ ಸಣ್ಣ ಗ್ಯಾರೇಜುಗಳಲ್ಲಿಯೇ ಉಳಿದಿದೆ. ವಿಶ್ವೇಶ್ವರಯ್ಯನವರು ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಬೆಂಗಳೂರಿನಲ್ಲಿ ವೃತ್ತಿಶಿಕ್ಷಣದ ಸಂಸ್ಥೆಗೆ ಕೊಡಿಸಿದ್ದರು. ಕೈಕೆಲಸದ ವಿದ್ಯೆಗೆ ಅವರು ಕೊಟ್ಟ ಬೆಲೆ ಅದು. ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಬೆಲೆಯನ್ನು ಅರಿತದ್ದು ನಿವೃತ್ತಿಯ ನಂತರ, ಅದೂ ದಂಡ ತೆತ್ತು.

ಐನೂರು ತುಂಬಿದ ದಿನ ಮೊಮ್ಮಗ ತಾನಾಗಿಯೇ ಬಂದು ಮೀಟರ್ ನೋಡಿದ. ತಾತನ ತಂದೆಯ ಪುಸ್ತಕದಲ್ಲಿ ಖಾಲಿಯಿದ್ದ ಪುಟದಲ್ಲಿ ಅಂಕಿಯನ್ನು ಬರೆದ. ಹಿಂದೆ ಕೂರಲಿಲ್ಲ. ನಾನೂ ಕರೆಯಲಿಲ್ಲ. ಅದಕ್ಕೂ ಅವಸರ ಸಲ್ಲದು.