ಲಿಫ್ಟ್ ಕೀಲಿಕೈ

ಲಿಫ್ಟಿನ ಬಾಗಿಲು, ನಿಯಂತ್ರಣ ಫಲಕ, ಯಂತ್ರದ ಕೋಣೆ, ತುರ್ತು ಸ್ವಿಚ್ಚು ಮೊದಲಾದವನ್ನು ತೆರೆಯಲು ಇಲ್ಲವೇ ತಿರುಗಿಸಲು ಬಳಸುವ ಕೀಲಿಕೈಗಳನ್ನು ಒಟ್ಟಾಗಿ ಲಿಫ್ಟ್ ಕೀ ಎನ್ನುವುದು ರೂಢಿ. ಸಣ್ಣ ನರ್ಸಿಂಗ್ ಹೋಮಿನ ಲಿಫ್ಟಿಗೂ ಮೂರ್ನಾಲ್ಕು ಬಗೆಯ ಕೀಲಿಕೈಗಳು ಬೇಕಾಗುತ್ತವೆ. ಹೆಚ್ಚಿನವು ದಿನಬಳಕೆಯವು, ಕಳೆದುಹೋದರೆ ತೊಂದರೆಯಾದೀತು, ಅಪಾಯವಿಲ್ಲ. ಮಹಡಿಯ ಬಾಗಿಲನ್ನು ಹೊರಗಿನಿಂದ ತೆರೆಯುವ ತ್ರಿಕೋನ ಕೀಲಿಕೈಯ ಮಾತು ಮಾತ್ರ ಬೇರೆ. ಒಳಗೆ ಸಿಕ್ಕಿಕೊಂಡವರನ್ನು ಹೊರಗೆ ತರಲೆಂದೇ ಮಾಡಿದ ಈ ಸಾಧನ ಅರಿಯದವರ ಕೈಗೆ ಸಿಕ್ಕರೆ ಜೀವವನ್ನೇ ತೆಗೆದೀತು.

ತುಮಕೂರು ನಗರದ ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ, ಎಸ್.ಎಸ್. ಪುರಂ ಕಡೆಗಳಲ್ಲಿ ಆಸ್ಪತ್ರೆ, ಲಾಡ್ಜು, ವಾಣಿಜ್ಯ ಸಂಕೀರ್ಣ, ಅಪಾರ್ಟ್‌ಮೆಂಟುಗಳು ಹೆಚ್ಚಿದಂತೆ ಲಿಫ್ಟೂ ಸಾಮಾನ್ಯವಾಗಿದೆ. ಗುಬ್ಬಿ, ಕುಣಿಗಲ್‌ಗಳಂಥ ತಾಲ್ಲೂಕು ಕೇಂದ್ರಗಳಲ್ಲಿ ಲಿಫ್ಟಿನ ಅಗತ್ಯ ಬೀಳುವುದು ಎರಡು ಮೂರು ಮಹಡಿಯ ಕಟ್ಟಡಗಳಲ್ಲಿ: ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್, ಮಂಡಿ ನೋವಿನ ಹಿರಿಯರಿರುವ ಹೊಸ ಮನೆ. ಮಹಾನಗರದ ಎತ್ತರದ ಕಟ್ಟಡಗಳಲ್ಲಿ ಲಿಫ್ಟಿಗೆಂದೇ ತರಬೇತಾದ ಸಿಬ್ಬಂದಿ ಇರುತ್ತಾರೆ. ಇಂಥ ಸಣ್ಣ ಕಟ್ಟಡಗಳಲ್ಲಿ ಕೀಲಿಕೈ ಮಾಲೀಕರ ಮನೆಯ ಮೊಳೆಗೋ ವಾಚ್‌ಮನ್ನರ ಗೊಂಚಲಿಗೋ ಸೇರಿಬಿಡುವ ಸಂಭವ ಹೆಚ್ಚು. ಹಾಗಾಗಿ ಅದರ ಬಳಕೆಯನ್ನು ತಿಳಿದುಕೊಳ್ಳುವ ತುರ್ತು ಇಲ್ಲಿ ದೊಡ್ಡ ಊರಿಗಿಂತ ಹೆಚ್ಚೇ ಇದೆ.

ತ್ರಿಕೋನ ಕೀಲಿಕೈ

ಲಿಫ್ಟಿಗೆ ಎರಡು ಬಾಗಿಲು. ಒಂದು ಕ್ಯಾಬಿನ್ನಿನದು, ಅದರ ಜೊತೆಗೇ ಓಡಾಡುತ್ತದೆ. ಇನ್ನೊಂದು ಪ್ರತಿ ಮಹಡಿಯಲ್ಲೂ ಗೋಡೆಗೆ ಸೇರಿ ನಿಂತಿರುತ್ತದೆ. ತಾನಾಗಿ ಸರಿಯುವ ಬಾಗಿಲಿನ ಲಿಫ್ಟುಗಳಲ್ಲಿ ಮಹಡಿಯ ಬಾಗಿಲಿಗೆ ಸಾಮಾನ್ಯವಾಗಿ ತನ್ನದೇ ಮೋಟಾರ್ ಇರುವುದಿಲ್ಲ. ಕ್ಯಾಬಿನ್ ಬಂದು ನಿಂತಾಗ ಅದರ ಬಾಗಿಲಿಗೆ ಜೋಡಿಸಿದ ಪಟ್ಟಿ ಮಹಡಿ ಬಾಗಿಲಿನ ರೋಲರನ್ನು ಹಿಡಿದು, ಕೊಕ್ಕೆಯನ್ನೆತ್ತಿ, ಎರಡೂ ಬಾಗಿಲನ್ನು ಒಟ್ಟಿಗೆ ಎಳೆಯುತ್ತದೆ. ಕ್ಯಾಬಿನ್ ಬೇರೆ ಕಡೆ ಇರುವಾಗ ಕೊಕ್ಕೆ ಕಚ್ಚಿಕೊಂಡೇ ಇರುತ್ತದೆ. ಅದು ಸರಿಯಾಗಿ ಕಚ್ಚಿ ಅದರ ವಿದ್ಯುತ್ ಸಂಪರ್ಕ ಕೂಡಿದರೆ ಮಾತ್ರ ಲಿಫ್ಟ್ ಓಡುತ್ತದೆ. ಈ ಏರ್ಪಾಡಿಗೆ ಇಂಟರ್‌ಲಾಕ್ ಎಂದು ಹೆಸರು.

ಇದೇ ಕೊಕ್ಕೆಯನ್ನು ಹೊರಗಿನಿಂದ ಎತ್ತುವುದು ತ್ರಿಕೋನ ಕೀಲಿಕೈಯ ಕೆಲಸ. ಬಾಗಿಲಿನ ಮೇಲ್ಭಾಗದಲ್ಲೋ ಮೇಲಿನ ಚೌಕಟ್ಟಿನಲ್ಲೋ ಕಾಣುವ ಪುಟ್ಟ ದುಂಡು ರಂಧ್ರದೊಳಗೆ ಮೂರು ಮೂಲೆಯ ಲೋಹದ ಗೂಟವೊಂದು ಇರುತ್ತದೆ. ಕೀಲಿಕೈಯ ತುದಿಯ ಟೊಳ್ಳಿನಲ್ಲಿ ಅದೇ ಆಕಾರ. ಒಳಗೆ ಕೂರಿಸಿ ತಿರುಗಿಸಿದರೆ ಸ್ಪ್ರಿಂಗಿನ ಬಿಗಿ ಕೈಗೆ ತಗಲುತ್ತದೆ, ಕೊಕ್ಕೆ ಮೇಲೇಳುತ್ತದೆ, ಇನ್ನೊಂದು ಕೈಯಿಂದ ಬಾಗಿಲನ್ನು ಪಕ್ಕಕ್ಕೆ ಸರಿಸಬಹುದು. ಕೈ ಬಿಟ್ಟರೆ ಬಾಗಿಲು ತಾನೇ ಮುಚ್ಚಿಕೊಳ್ಳುವಂತೆ ತೂಕದ ಕಲ್ಲನ್ನೋ ಸ್ಪ್ರಿಂಗನ್ನೋ ಅಳವಡಿಸಿರುತ್ತಾರೆ. ಹೀಗೆ ತಾನಾಗಿ ಮುಚ್ಚದ ಬಾಗಿಲು ಕೆಟ್ಟಿದೆ ಎಂದೇ ತಿಳಿಯಬೇಕು; ಅದನ್ನು ದುರಸ್ತಿ ಮಾಡಿಸದೆ ಲಿಫ್ಟ್ ಓಡಿಸಬಾರದು.

ಐರೋಪ್ಯ ಮಾನದಂಡವಾದ ಇಎನ್ 81 ಈ ತ್ರಿಕೋನದ ಅಳತೆಯನ್ನೇ ನಿಗದಿಪಡಿಸಿದೆ. ಆ ಜಾಡಿನಲ್ಲೇ ಸಾಗಿದ ಭಾರತೀಯ ಮಾನಕ ಐಎಸ್ 17900, 2022ರಲ್ಲಿ ಹೊರಬಂತು. ಅದಕ್ಕೆ ಮೊದಲು ಐಎಸ್ 14665 ಮಾಲೆ ಬಳಕೆಯಲ್ಲಿತ್ತು. ಅಳತೆ ಒಂದೇ ಆದ್ದರಿಂದ ಒಂದು ಕಂಪನಿಯ ಕೀಲಿಕೈ ಇನ್ನೊಂದರ ಬಾಗಿಲಿಗೂ ಹೊಂದುತ್ತದೆ. ರಕ್ಷಣೆಗೆ ಬಂದವರು ಯಾವ ಕಟ್ಟಡದಲ್ಲೂ ಪರದಾಡಬಾರದು ಎಂಬುದು ಉದ್ದೇಶ. ಅದರ ಇನ್ನೊಂದು ಮುಖವೆಂದರೆ, ಈ ಆಕಾರದ ಕೀಲಿಕೈ ಯಾರಿಗೆ ಬೇಕಾದರೂ ಸಿಗುವಂಥದು. ವಿದ್ಯುತ್ ಪ್ಯಾನೆಲ್ ಪೆಟ್ಟಿಗೆಗಳಿಗೂ ತ್ರಿಕೋನ ಬೀಗ ಬಳಕೆಯಲ್ಲಿದೆ. ಮನೆಯ ಬೀಗದ ಹಾಗೆ ಪ್ರತಿಯೊಂದಕ್ಕೂ ಬೇರೆ ಹಲ್ಲು ಇಲ್ಲಿಲ್ಲ. ಆದ್ದರಿಂದಲೇ ಮಾನದಂಡ ಹೊಣೆಯನ್ನು ಮನುಷ್ಯರ ಮೇಲೆ ಹೊರಿಸುತ್ತದೆ: ಕೀಲಿಕೈ ಜವಾಬ್ದಾರಿಯುತ ವ್ಯಕ್ತಿಯ ಬಳಿ ಮಾತ್ರ ಇರಬೇಕು, ತೆರೆದ ಮೇಲೆ ಬಾಗಿಲಿಗೆ ಮತ್ತೆ ಬೀಗ ಬಿದ್ದಿದೆಯೇ ಎಂದು ನೋಡಬೇಕೆಂಬ ಲಿಖಿತ ಎಚ್ಚರಿಕೆಯೂ ಅದರ ಜೊತೆಗಿರಬೇಕು.

ಅಮೆರಿಕದಲ್ಲಿ ತುದಿ ಮಡಚಿಕೊಳ್ಳುವ ಉದ್ದನೆಯ ಡ್ರಾಪ್ ಕೀ ಬಳಕೆಯಲ್ಲಿದೆ. ರಂಧ್ರದೊಳಗೆ ತೂರಿಸಿದಾಗ ತುದಿ ಕೆಳಗೆ ಜೋತುಬೀಳುತ್ತದೆ, ತಿರುಗಿಸಿದಾಗ ಕೊಕ್ಕೆಯನ್ನು ತಳ್ಳುತ್ತದೆ. ಅಲ್ಲಿನ ಎ17.1 ಸಂಹಿತೆ ಕೀಲಿಕೈಗಳನ್ನು ಅವನ್ನು ಯಾರು ಹಿಡಿಯಬಹುದೆಂಬ ಆಧಾರದ ಮೇಲೆ ಗುಂಪು ಮಾಡಿದೆ: ಲಿಫ್ಟ್ ಮೆಕ್ಯಾನಿಕ್‌ಗಳಿಗೆ ಮಾತ್ರ ಒಂದು ಗುಂಪು, ಕಟ್ಟಡದ ಅಧಿಕೃತ ಸಿಬ್ಬಂದಿಗೆ ಇನ್ನೊಂದು, ಅಗ್ನಿಶಾಮಕರಿಗೆ ಮತ್ತೊಂದು. ಕೀಲಿಕೈ ಯಾವ ಬೀಗದ್ದು ಎನ್ನುವುದಕ್ಕಿಂತ ಯಾರದು ಎಂಬುದನ್ನು ಮುಂದಿಡುವ ಈ ವಿಂಗಡಣೆ ನಮ್ಮ ಕಟ್ಟಡಗಳಿಗೂ ಒಪ್ಪುವಂಥದು.

ಅಪಾಯ ಎಲ್ಲಿದೆ

ಹಗ್ಗ ಹರಿದು ಲಿಫ್ಟ್ ಕೆಳಗೆ ಬೀಳುತ್ತದೆ ಎಂಬ ಭಯ ಜನರಲ್ಲಿ ಬಲವಾಗಿದೆ. ಆ ಭಯಕ್ಕೆ ಉತ್ತರ ಸಿಕ್ಕು ಒಂದೂವರೆ ಶತಮಾನ ದಾಟಿತು. ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ತಾನು ನಿಂತಿದ್ದ ವೇದಿಕೆಯ ಹಗ್ಗವನ್ನೇ ಕಡಿಸಿ, ವೇದಿಕೆ ಬೀಳದೆ ಅಲ್ಲೇ ಹಿಡಿದು ನಿಲ್ಲುವುದನ್ನು ತೋರಿಸಿದ. ಇವತ್ತಿನ ಹಗ್ಗದ ಲಿಫ್ಟುಗಳಲ್ಲಿ ಹಲವು ಉಕ್ಕಿನ ಹಗ್ಗಗಳಿರುತ್ತವೆ, ವೇಗ ಮಿತಿಮೀರಿದರೆ ಹಳಿಯನ್ನೇ ಕಚ್ಚಿ ಹಿಡಿಯುವ ಸೇಫ್ಟಿ ಗೇರ್ ಇರುತ್ತದೆ.

ನಿಜವಾಗಿ ಹೆದರಬೇಕಾದದ್ದು ತೆರೆದ ಬಾಗಿಲಿಗೆ. ಕೀಲಿಕೈ ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಅದರ ಹಿಂದೆ ಕ್ಯಾಬಿನ್ ಇದೆಯೇ ಎಂದು ಕೀಲಿಕೈಗೆ ಗೊತ್ತಿಲ್ಲ. ಹೊರಗಿನ ಬೆಳಕಿಗೆ ಒಗ್ಗಿದ ಕಣ್ಣಿಗೆ ಒಳಗಿನ ಕತ್ತಲೆ ಕ್ಯಾಬಿನ್ನಿನ ಕತ್ತಲೆಯಂತೆಯೇ ಕಾಣುತ್ತದೆ. ಕರೆಂಟ್ ಹೋದಾಗ, ಲೈಟ್ ಕೆಟ್ಟಾಗ, ಅವಸರದಲ್ಲಿದ್ದಾಗ ಒಂದು ಹೆಜ್ಜೆ ಮುಂದಿಟ್ಟರೆ ಲಿಫ್ಟ್ ಗುಂಡಿಯೇ ಗತಿ. ಆದ್ದರಿಂದ ಪಳಗಿದ ಮೆಕ್ಯಾನಿಕ್ ಮೊದಲು ಕಾಲನ್ನು ಹಿಂದೂರಿ, ಬಾಗಿಲನ್ನು ಒಂದು ಗೇಣಿನಷ್ಟೇ ಸರಿಸಿ, ಟಾರ್ಚ್ ಹಾಯಿಸಿ, ಕ್ಯಾಬಿನ್ನಿನ ನೆಲ ಕಣ್ಣಿಗೆ ಬಿದ್ದ ಮೇಲಷ್ಟೇ ಪೂರ್ತಿ ತೆರೆಯುತ್ತಾನೆ. ಮೊಬೈಲ್ ಒಳಗೆ ಬಿತ್ತು, ಚಪ್ಪಲಿ ಸಂದಿಗೆ ಜಾರಿತು ಎಂದು ಯಾರೋ ಕೇಳಿದರೆಂದು ವಾಚ್‌ಮನ್ ಬಾಗಿಲು ತೆರೆದು ಬಗ್ಗುವುದು ಎಂದಿಗೂ ಕೂಡದು. ಗುಂಡಿಗೆ ಇಳಿಯುವುದು ಮೆಕ್ಯಾನಿಕ್‌ನ ಕೆಲಸ. ಅದೂ ಅಲ್ಲಿರುವ ಸ್ಟಾಪ್ ಸ್ವಿಚ್ ಒತ್ತಿದ ಮೇಲೆ.

ಸಿಕ್ಕಿಕೊಂಡವರನ್ನು ಹೊರತರುವುದು

ಲಿಫ್ಟ್ ನಡುವೆ ನಿಂತಾಗ ಎಲ್ಲರ ಕೈಯೂ ಮೊದಲು ಹೋಗುವುದು ಕೀಲಿಕೈಗೆ. ಅದು ಬಳಕೆಗೆ ಬರಬೇಕಾದದ್ದು ಕೊನೆಯಲ್ಲಿ. ಮೊದಲ ಕೆಲಸ ಮಾತಾಡಿಸುವುದು: ಎಷ್ಟು ಜನ ಇದ್ದೀರಿ, ಯಾರಿಗಾದರೂ ಹುಷಾರಿಲ್ಲವೇ, ಬಾಗಿಲಿನಿಂದ ದೂರ ನಿಲ್ಲಿ. ಉಸಿರು ಕಟ್ಟುತ್ತದೆಂಬ ಗಾಬರಿ ಒಳಗಿನವರನ್ನು ಬಾಗಿಲು ಮೀಟಲು ತಳ್ಳುತ್ತದೆ. ಕ್ಯಾಬಿನ್‌ಗೆ ಗಾಳಿಯಾಡುವ ಕಿಂಡಿಗಳಿರಬೇಕೆಂಬುದು ನಿಯಮ, ಗಾಳಿಗೆ ಕೊರತೆಯಾಗದು ಎಂದು ಹೇಳಿದರೆ ಅರ್ಧ ಗಾಬರಿ ಇಳಿಯುತ್ತದೆ.

ಬೆಸ್ಕಾಂ ವಿದ್ಯುತ್ ಹೋಗಿ ನಿಂತಿದ್ದರೆ, ಎಆರ್‌ಡಿ ಎಂಬ ಬ್ಯಾಟರಿ ಸಾಧನ ಕ್ಯಾಬಿನ್ನನ್ನು ಹತ್ತಿರದ ಮಹಡಿಗೆ ಮೆಲ್ಲಗೆ ಒಯ್ದು ಬಾಗಿಲು ತೆರೆಯುತ್ತದೆ. ಅದಿಲ್ಲದಿದ್ದರೆ, ಇಲ್ಲವೇ ಅದರ ಬ್ಯಾಟರಿ ಸತ್ತಿದ್ದರೆ, ಮೆಕ್ಯಾನಿಕ್ ಅಥವಾ ತರಬೇತಿ ಪಡೆದ ಇಬ್ಬರು ಕೈಯಿಂದ ಸರಿಸಬೇಕು. ಮೇನ್ ಸ್ವಿಚ್ ಮೊದಲು ಆಫ್ ಆಗಬೇಕು. ಇಲ್ಲವಾದರೆ ಕರೆಂಟ್ ಬಂದ ಕ್ಷಣ ಲಿಫ್ಟ್ ಹೊರಟುಬಿಟ್ಟೀತು. ಯಂತ್ರದ ಕೋಣೆಯಲ್ಲಿ ಒಬ್ಬರು ಲಿವರಿನಿಂದ ಬ್ರೇಕ್ ಸಡಿಲಿಸಿ ಹಿಡಿದರೆ ಇನ್ನೊಬ್ಬರು ಚಕ್ರವನ್ನು ಕೈಯಿಂದ ತಿರುಗಿಸುತ್ತಾರೆ. ಮಹಡಿಯ ಮಟ್ಟ ಬಂತೆಂದು ತಿಳಿಯಲು ಹಗ್ಗದ ಮೇಲೆ ಬಣ್ಣದ ಗುರುತು ಹಾಕಿರುತ್ತಾರೆ.

ಬ್ರೇಕ್ ಬಿಟ್ಟಾಗ ಲಿಫ್ಟ್ ಸಾಮಾನ್ಯವಾಗಿ ಕೆಳಗೆ ಹೋಗದೆ ಮೇಲಕ್ಕೇರುತ್ತದೆ ಎಂದರೆ ನೋಡದವರು ನಂಬಲಾರರು. ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ಕೌಂಟರ್‌ವೇಟಿನ ತೂಕ, ಖಾಲಿ ಕ್ಯಾಬಿನ್ನಿನ ತೂಕದ ಮೇಲೆ ಅದು ಹೊರಬಲ್ಲ ಭಾರದ ಶೇ. 40ರಿಂದ 50ರಷ್ಟನ್ನು ಸೇರಿಸಿದಷ್ಟಿರುತ್ತದೆ. ನಮ್ಮಲ್ಲಿ ತಲೆಗೆ 68 ಕೆ.ಜಿ. ಲೆಕ್ಕ ಹಿಡಿದು ಆರು ಜನರ ಲಿಫ್ಟಿಗೆ 408 ಕೆ.ಜಿ. ಎಂದು ಫಲಕ ಬರೆಯುತ್ತಾರೆ. ಅದರಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಕೌಂಟರ್‌ವೇಟೇ ಭಾರ. ಅದು ಕೆಳಗಿಳಿದು ಕ್ಯಾಬಿನ್ ಮೇಲೆ ಹೋಗುತ್ತದೆ. ಇದನ್ನು ತಿಳಿಯದೆ ಕೆಳಗಿನ ಮಹಡಿಯ ಬಾಗಿಲು ತೆರೆದು ಕಾಯುವುದು ಲಿಫ್ಟ್ ಓಡಾಡುವ ಬಾವಿಯ, ಅಂದರೆ ಶಾಫ್ಟಿನ, ಬಾಯಿ ತೆರೆದಿಟ್ಟ ಹಾಗೆ.

ಯಂತ್ರದ ಕೋಣೆಯೇ ಇಲ್ಲದ ಹೊಸ ಲಿಫ್ಟುಗಳಲ್ಲಿ ಮೋಟಾರು ಶಾಫ್ಟಿನ ತುದಿಯಲ್ಲೇ ಇರುತ್ತದೆ. ಬ್ರೇಕ್ ಬಿಡಿಸುವ ಏರ್ಪಾಡು ಸಾಮಾನ್ಯವಾಗಿ ಕೊನೆಯ ಮಹಡಿಯ ಬಾಗಿಲ ಪಕ್ಕದ ಕಿರಿದಾದ ಪೆಟ್ಟಿಗೆಯಲ್ಲಿ, ಬೇರೊಂದು ಕೀಲಿಕೈಯಡಿ ಇರುತ್ತದೆ. ಈ ಕೀಲಿಕೈ ಬೇಕಾದ ಹೊತ್ತಿಗೆ ಸಿಗದೆ ರಕ್ಷಣೆ ತಡವಾದರೆ ಒಳಗಿರುವವರ ಪಾಡು ಹೇಳತೀರದು.

ಕ್ಯಾಬಿನ್ ಮಹಡಿಯ ಮಟ್ಟಕ್ಕೆ ಬಂದ ಮೇಲೆ ತ್ರಿಕೋನ ಕೀಲಿಕೈಯ ಸರದಿ. ಬಾಗಿಲು ತೆರೆಯಬಲ್ಲ ಸುರಕ್ಷಿತ ವಲಯ ಮಹಡಿಯ ಮಟ್ಟದಿಂದ ಮೇಲೆ ಕೆಳಗೆ ಹೆಚ್ಚೆಂದರೆ 35 ಸೆಂ.ಮೀ. ಕ್ಯಾಬಿನ್ನಿನ ಹೊಸ್ತಿಲ ಕೆಳಗೆ ಸುಮಾರು 75 ಸೆಂ.ಮೀ. ಉದ್ದದ ತಗಡಿನ ಮರೆ ಇರುತ್ತದೆ. ಕ್ಯಾಬಿನ್ ಅದಕ್ಕಿಂತ ಎತ್ತರದಲ್ಲಿ ನಿಂತಿದ್ದರೆ ಮರೆಯ ಕೆಳಗೆ ಶಾಫ್ಟ್ ಬಾಯ್ತೆರೆದಿರುತ್ತದೆ. ಮೇಲಿಂದ ಧುಮುಕಿದವರು ಆಯ ತಪ್ಪಿ ಹಿಂದಕ್ಕೆ ವಾಲಿದರೆ ನೇರ ಗುಂಡಿಗೇ ಬೀಳುತ್ತಾರೆ. ಅರ್ಧದಲ್ಲಿ ನಿಂತ ಕ್ಯಾಬಿನ್ನಿನಿಂದ ಯಾರನ್ನೂ ಇಳಿಸಬಾರದೆಂಬ ನಿಯಮದ ಹಿಂದೆ ಇರುವುದು ಈ ಸಂದಿ.

ಒಳಗಿನ ಕೀಲಿಕೈಗಳು

ಕ್ಯಾಬಿನ್ನಿನ ಬಟನ್ ಫಲಕದ ಕೆಳಗಿನ ಪುಟ್ಟ ಮುಚ್ಚಳದ ಹಿಂದೆ ಫ್ಯಾನ್, ಲೈಟುಗಳ ಸ್ವಿಚ್ಚಿನ ಜೊತೆ ಅಟೆಂಡೆಂಟ್ ಸ್ವಿಚ್ಚೂ ಇರಬಹುದು. ದೊಡ್ಡ ಆಸ್ಪತ್ರೆಯಲ್ಲಿ ಇದರ ಬೆಲೆ ತಿಳಿಯುತ್ತದೆ. ಆಪರೇಷನ್ ಥಿಯೇಟರಿನಿಂದ ಸ್ಟ್ರೆಚರ್ ತರುವಾಗ ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಜನ ನುಗ್ಗುವಂತಿಲ್ಲ. ಲಿಫ್ಟ್‌ಮ್ಯಾನ್ ಕೀಲಿಕೈ ತಿರುಗಿಸಿದರೆ ಲಿಫ್ಟ್ ಅವರ ಮಾತನ್ನು ಮಾತ್ರ ಕೇಳುತ್ತದೆ. ಹೊರಗಿನ ಕರೆಗಳು ದೀಪವಾಗಿಯೋ ಬಜರ್ ಆಗಿಯೋ ತಿಳಿಯುತ್ತವೆಯೇ ಹೊರತು ಲಿಫ್ಟನ್ನು ನಿಲ್ಲಿಸುವುದಿಲ್ಲ. ನೆಲಮಹಡಿಯ ಕೀ ಸ್ವಿಚ್ ರಾತ್ರಿ ಅಂಗಡಿ ಮುಚ್ಚುವಾಗ ಲಿಫ್ಟನ್ನು ಅಲ್ಲೇ ನಿಲ್ಲಿಸಿಡಲು. ಕೆಲವು ಕಟ್ಟಡಗಳಲ್ಲಿ ಮಾಲೀಕರ ವಾಸದ ಮಹಡಿಗೆ ಕೀಲಿಕೈ ಇಲ್ಲದೆ ಲಿಫ್ಟ್ ಹೋಗುವುದಿಲ್ಲ. ಆ ಜಾಗವನ್ನು ಈಗ ಕಾರ್ಡ್ ಮತ್ತು ಬೆರಳಚ್ಚು ಯಂತ್ರಗಳು ತುಂಬುತ್ತಿವೆ.

ಅಗ್ನಿಶಾಮಕ ಸ್ವಿಚ್

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳಿಗೆ ಅಗ್ನಿಶಾಮಕರ ಬಳಕೆಗೆ ಒದಗುವ ಲಿಫ್ಟ್ ಬೇಕು. ಅದು ಕನಿಷ್ಠ ಎಂಟು ಜನರನ್ನು ಹೊರಬೇಕು, ನೆಲದಿಂದ ಕೊನೆಯ ಮಹಡಿಯನ್ನು ಒಂದು ನಿಮಿಷದೊಳಗೆ ಮುಟ್ಟಬೇಕು. ನೆಲಮಹಡಿಯಲ್ಲಿ ಗಾಜಿನ ಹಿಂದಿರುವ ಸ್ವಿಚ್ ಒತ್ತಿದರೆ ಲಿಫ್ಟ್ ಎಲ್ಲ ಕರೆಗಳನ್ನೂ ಬಿಟ್ಟು ಕೆಳಗೆ ಬಂದು, ಬಾಗಿಲು ತೆರೆದು, ಅಗ್ನಿಶಾಮಕರಿಗಾಗಿ ಕಾಯುತ್ತದೆ. ಬೇರೆ ದೇಶಗಳಲ್ಲಿ ಇದಕ್ಕೂ ಕೀಲಿಕೈ ಉಂಟು. ನ್ಯೂಯಾರ್ಕ್ ನಗರದಲ್ಲಿ 2642 ಎಂಬ ಗುರುತಿನ ಕೀಲಿಕೈ ಹೆಸರಾದದ್ದು. ಅಮೆರಿಕದ ಸಂಹಿತೆ 2007ರಲ್ಲಿ ಎಫ್‌ಇಒ-ಕೆ1 ಎಂಬ ಏಕರೂಪದ ಕೀಲಿಕೈಯನ್ನು ತಂದಿತು. ಬೆಂಕಿ ಬಿದ್ದಾಗ ಜನಸಾಮಾನ್ಯರು ಲಿಫ್ಟ್ ಹತ್ತಕೂಡದು, ಮೆಟ್ಟಿಲಿನಲ್ಲೇ ಇಳಿಯಬೇಕು.

ಹೊಣೆ ಮತ್ತು ಕಾನೂನು

ಕರ್ನಾಟಕದಲ್ಲಿ ಲಿಫ್ಟುಗಳ ಮೇಲ್ವಿಚಾರಣೆ ಇಂಧನ ಇಲಾಖೆಯ ಅಡಿಯ ವಿದ್ಯುತ್ ಪರಿವೀಕ್ಷಣಾಲಯದ್ದು. ಲಿಫ್ಟ್, ಎಸ್ಕಲೇಟರ್ ಮತ್ತು ಪ್ಯಾಸೆಂಜರ್ ಕನ್ವೇಯರ್‌ಗಳಿಗೆ ಸಂಬಂಧಿಸಿದ 2012ರ ಕಾಯ್ದೆ ಮತ್ತು 2015ರ ನಿಯಮಗಳು ಜಾರಿಯಲ್ಲಿವೆ. ಅಳವಡಿಸುವ ಮೊದಲು ಅನುಮತಿ, ಓಡಿಸುವ ಮೊದಲು ಪರವಾನಗಿ, ಆಮೇಲೆ ಕಾಲಕಾಲಕ್ಕೆ ಪರಿಶೀಲನೆ ಎಂಬುದು ಅವುಗಳ ಸಾರ. ಅಪಘಾತವಾದರೆ ಪರಿವೀಕ್ಷಕರಿಗೆ ವರದಿ ಹೋಗಬೇಕು. ಲಿಫ್ಟನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕರದು. ವಾರ್ಷಿಕ ನಿರ್ವಹಣೆಯನ್ನು ಕಂಪನಿಗೆ ವಹಿಸಿದ ಮಾತ್ರಕ್ಕೆ ಕೀಲಿಕೈಯನ್ನು ಕಾಯುವ ಕೆಲಸ ಅವರಿಂದ ಕಳಚಿಹೋಗದು.

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ.; ಕುಣಿಗಲ್‌ನಿಂದ ತುಮಕೂರಿಗೆ 40 ಕಿ.ಮೀ.ಗೆ ಹತ್ತಿರ, ಬೆಂಗಳೂರಿಗೆ ಸುಮಾರು 70 ಕಿ.ಮೀ. ನಿರ್ವಹಣೆಯ ಮೆಕ್ಯಾನಿಕ್ ಹೊರಗಿನ ಊರಿನಿಂದ ಬರಬೇಕಾದಾಗ ಈ ದೂರ ಒಳಗಿರುವವರಿಗೆ ಕಾಯುವ ಹೊತ್ತಾಗಿ ಬಡಿಯುತ್ತದೆ, ಹೊರಗೆ ನಿಂತವರ ಕೈ ಕೀಲಿಕೈಯತ್ತ ಹೋಗುವುದೂ ಆಗಲೇ. ಹೀಗಾಗಿ ಕಟ್ಟಡದಲ್ಲಿ ಇಬ್ಬರಿಗಾದರೂ ಕಂಪನಿಯಿಂದಲೇ ತರಬೇತಿ ಕೊಡಿಸಿ, ಅವರ ಹೆಸರು ಮತ್ತು ಫೋನ್ ನಂಬರನ್ನು ನೆಲಮಹಡಿಯಲ್ಲಿ ಬರೆದು ಹಾಕಬೇಕು. ತ್ರಿಕೋನ ಕೀಲಿಕೈ ಬೇರೆ ಗೊಂಚಲಿಗೆ ಸೇರದೆ, ಎಚ್ಚರಿಕೆಯ ಚೀಟಿಯ ಸಮೇತ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಯಾರು, ಯಾವಾಗ, ಏಕೆ ತೆಗೆದುಕೊಂಡರೆಂದು ಪುಸ್ತಕದಲ್ಲಿ ಬರೆಯಬೇಕು. ವಾಚ್‌ಮನ್ ಬದಲಾದ ದಿನವೇ ಕೀಲಿಕೈಯ ಹಸ್ತಾಂತರವೂ ಬರವಣಿಗೆಯಲ್ಲಿ ಆಗಬೇಕು. ತರಬೇತಿಯವರು ಇಲ್ಲದ ಹೊತ್ತಿನಲ್ಲಿ ಒಳಗಿರುವವರ ಆರೋಗ್ಯ ಕೆಟ್ಟರೆ 112ಕ್ಕೆ ಕರೆ ಮಾಡಬೇಕು.