ಬಿಲ್ಡಪ್, ಸ್ಕೋಪ್, ಬಕೆಟ್, ಕುಡುಮಿ: ಅತಿಯಾಗಿ ಹೆಣಗುವವರಿಗೆ ಆಡುನುಡಿಯ ಹೆಸರುಗಳು

ಸಂದರ್ಭಕ್ಕೆ ಮೀರಿ ಹೆಣಗುವವರನ್ನು ಇಂಗ್ಲಿಷಿನ ಆಡುನುಡಿ 'ಟ್ರೈ-ಹಾರ್ಡ್' ಎಂಬ ಒಂದೇ ಪದದಿಂದ ಗುರುತಿಸುತ್ತದೆ. ಕನ್ನಡದ ಆಡುನುಡಿ ಅಷ್ಟಕ್ಕೆ ತೃಪ್ತಿಪಟ್ಟಿಲ್ಲ. ಹೆಣಗಾಟ ಯಾರ ಮುಂದೆ, ಯಾವ ಲಾಭಕ್ಕಾಗಿ ಎಂಬುದನ್ನು ನೋಡಿ ಅದು ಬೇರೆ ಬೇರೆ ಹೆಸರುಗಳನ್ನಿಟ್ಟಿದೆ.

ಈ ಪರಿಹಾಸ್ಯ ಹೊಸದೇನಲ್ಲ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತೆ ಎಂಬ ಗಾದೆ ಹಳೆಯದು. ಪೊದೆಗಳ ನಡುವೆ ಸುಳಿದಾಡುವ ಆ ಕೆಂಗಂದು ರೆಕ್ಕೆಯ ಹಕ್ಕಿ ತನ್ನ ಮಟ್ಟಿಗೆ ಚೆಲುವಾದುದೇ. ನಗೆಪಾಟಲಾದುದು ಅದರ ಅನುಕರಣೆ. ಇದೇ ಗುಣಕ್ಕೆ ನಗರದ ಯುವಜನರು ಕೊಟ್ಟ ಹೆಸರು 'ಬಿಲ್ಡಪ್'. ಚಲನಚಿತ್ರದ ನಾಯಕ ತೆರೆಗೆ ಬರುವ ಮುನ್ನ ಧೂಳೆದ್ದು, ವಾದ್ಯ ಮೊಳಗಿ, ಮೊದಲು ಪಾದವಷ್ಟೇ ಕಾಣುವ ದೃಶ್ಯವನ್ನು ನೆನೆದರೆ ಪದದ ಅರ್ಥ ಸ್ಪಷ್ಟವಾಗುತ್ತದೆ. 'ಸ್ಕೋಪ್ ತಗೊಳ್ಳುವುದು' ಇದರ ಸೋದರ ಪ್ರಯೋಗ. ಇಂಗ್ಲಿಷಿನಲ್ಲಿ ವ್ಯಾಪ್ತಿ, ಅವಕಾಶ ಎಂಬ ಅರ್ಥವುಳ್ಳ ಪದ ಕನ್ನಡಕ್ಕೆ ಬಂದು ಠೀವಿಯಾಗಿದೆ. ಇಲ್ಲದ ಗುಣವನ್ನು ನಟಿಸುವವರದು 'ಡೌ'.

'ಬಕೆಟ್ ಹಿಡಿಯುವುದು' ಬೇರೆಯೇ ಜಾತಿಯದು. ಇಲ್ಲಿ ನೋಡುಗರ ಗುಂಪಿಲ್ಲ, ಮೇಲಧಿಕಾರಿಯೊಬ್ಬರಿದ್ದರೆ ಸಾಕು. ಬೆಣ್ಣೆ ಹಚ್ಚುವುದು, ತಾಳ ಹಾಕುವುದು ಎಂಬ ನುಡಿಗಟ್ಟುಗಳು ಕ್ರಿಯೆಯನ್ನಷ್ಟೇ ಹೇಳುತ್ತಿದ್ದವು. ಹೊಸ ಮಾತು ವ್ಯಕ್ತಿಯನ್ನೇ 'ಬಕೆಟ್' ಎಂದು ಕರೆದು ಮುಗಿಸುತ್ತದೆ.

ಈ ಸಾಲಿನಲ್ಲಿ ಅನ್ಯಾಯವಾಗಿ ಸೇರಿಕೊಂಡ ಪದವೆಂದರೆ 'ಕುಡುಮಿ'. ಬೆಂಗಳೂರು, ಮೈಸೂರು ಕಡೆಯ ಕಾಲೇಜುಗಳಲ್ಲಿ ಸದಾ ಪುಸ್ತಕ ಹಿಡಿದಿರುವ ವಿದ್ಯಾರ್ಥಿಗೆ ಈ ಬಿರುದು. ಹಿಂದಿಯ 'ರಟ್ಟು' ಬಾಯಿಪಾಠವನ್ನಾದರೂ ದೂರುತ್ತದೆ. ಜರ್ಮನ್ನರ 'ಸ್ಟ್ರೇಬರ್' ಎಂಬ ಬೈಗುಳದ ಮೂಲಾರ್ಥ 'ಶ್ರಮಿಸುವವನು' ಎಂದಷ್ಟೇ. ಕುಡುಮಿಯದೂ ಅದೇ ಪಾಡು. ಬಿಲ್ಡಪ್ ಕೊಡುವವನಿಗೆ ನೋಡುಗರು ಬೇಕು, ಬಕೆಟ್ ಹಿಡಿಯುವವನಿಗೆ ಕೃಪೆ ಬೇಕು. ಕುಡುಮಿಗೆ ಬೇಕಾದುದು ಅಂಕಗಳು ಮಾತ್ರ. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಇಂಗ್ಲಿಷ್ ಪಠ್ಯದೊಡನೆ ಇರುಳೆಲ್ಲ ಸೆಣಸುವ ಹುಡುಗಿಗೆ ಈ ಹೆಸರು ಅಂಟಿದಾಗ, ಶ್ರಮವಿಲ್ಲದೆ ಗೆಲ್ಲುವುದೇ ಘನತೆ ಎಂಬ ಭಾವನೆ ತರಗತಿಯಲ್ಲಿ ಬೇರೂರುತ್ತದೆ. ಇಂಗ್ಲಿಷ್ ಮೊದಲೇ ಬಲ್ಲವರು ಓದದಂತೆ ತೋರಿಸಿಕೊಳ್ಳಬಹುದು, ಆಕೆಗೆ ಆ ಅನುಕೂಲವಿಲ್ಲ.

ಆದರೂ ಪರೀಕ್ಷೆಯ ಹಿಂದಿನ ವಾರ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿಯಾಗುವುದು ಕುಡುಮಿಯ ನೋಟ್ಸೇ.